ಕ್ಯಾಪ್ಟನ್ ಬಾಗಿಲಿನಾಚೆ ಯಾರು?

ಟಕ್. ಟಕ್. ಟಕ್.

ನಡುರಾತ್ರಿಯಲ್ಲಿ ಯಾರೋ ಬಾಗಿಲು ಬಡಿದರು.

ಬಡಿಯಲು ಅಲ್ಲಿ ಯಾರೂ ಇರುವಂತಿರಲಿಲ್ಲ. ಆ ಬಾಗಿಲಿನಾಚೆ ಅಂಗಳವಿಲ್ಲ, ಬೀದಿಯಿಲ್ಲ, ಉಸಿರಾಡಲು ಗಾಳಿಯೂ ಇಲ್ಲ. ಕತ್ತಲು, ಕತ್ತಲಿನೊಳಗೆ ನಕ್ಷತ್ರ, ಅಷ್ಟೇ.

ಟಕ್. ಟಕ್. ಟಕ್.

ಕುರ್ಚಿ ಹಿಂದಕ್ಕೆ ಸರಿಯಿತು. ಬೂಟುಗಾಲಿನ ನಾಲ್ಕು ಹೆಜ್ಜೆಗಳು ಕೇಳಿಸಿದವು. ಆಮೇಲೆ ತುಂಬಿದ ಕೊಡದಂಥ, ಅವಸರವಿಲ್ಲದ ಒಂದು ದನಿ ಕೇಳಿತು:

“ಯಾರದು?”

ಅದರ ಮುಂದೆ ಬರೀ ಸುಯ್ಯೆನ್ನುವ ಮೌನ.

ಕಡ್ಡಿ ಎಂಬ ಹುಡುಗಿ ಕಿವಿಗೊಟ್ಟು ಕುಳಿತಿದ್ದಳು. ಅದು ಅವಳ ಅಜ್ಜನ ದನಿ. ಅಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು. ಆದರೆ ರೇಡಿಯೋ ಕೇಂದ್ರದ ಆ ಕೋಣೆಯಲ್ಲಿ, ಮಧ್ಯಾಹ್ನ ನಾಲ್ಕು ಗಂಟೆಗೆ, ಹಳೆಯ ಮೆಷಿನ್ನಿನ ಎರಡು ಚಕ್ರಗಳು ತಿರುಗುತ್ತಿದ್ದವು. ಒಂದು ಚಕ್ರದಿಂದ ಇನ್ನೊಂದಕ್ಕೆ ಕಂದು ಬಣ್ಣದ ರಿಬ್ಬನ್ನು ಹರಿಯುತ್ತಿತ್ತು. ಅಜ್ಜ ಆ ರಿಬ್ಬನ್ನಿನಲ್ಲಿ ಇದ್ದ.

ಮೂವತ್ತೈದು ವರ್ಷದ ಹಿಂದೆ ಅಜ್ಜ ಇದೇ ಕೇಂದ್ರದಲ್ಲಿ ‘ಒಂಟಿ ನೌಕೆ’ ಎಂಬ ನಾಟಕದ ಕ್ಯಾಪ್ಟನ್ ಆಗಿದ್ದ. ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ಊರೆಲ್ಲ ರೇಡಿಯೋ ಮುಂದೆ ಕೂರುತ್ತಿತ್ತಂತೆ. ಈಗ ಅದೇ ಕೇಂದ್ರದಲ್ಲಿ ಕಡ್ಡಿಯ ಅತ್ತೆ ಹೊಸ ನಾಟಕ ಮಾಡುತ್ತಿದ್ದಳು. ಅದು ಹಳೆಯ ಕ್ಯಾಪ್ಟನ್ನನ ಕಾಲಕ್ಕಿಂತ ಇನ್ನೂರು ವರ್ಷ ಮುಂದಿನ ಕಥೆ. ಅದರಲ್ಲಿ ಪೈಲಟ್ ಮಿಂಚು ಎಂಬ ಹುಡುಗಿ ಇದ್ದಳು. ಆ ಮಿಂಚುವಿಗೆ ದನಿ ಕೊಡುವವಳು ಐದನೇ ಕ್ಲಾಸಿನ ಕಡ್ಡಿ. ಕಡ್ಡಿ ಎಂಬುದು ಮನೆಯವರಿಟ್ಟ ಹೆಸರು. ಅವಳನ್ನು ನೋಡಿದವರು ಏಕೆಂದು ಕೇಳುತ್ತಿರಲಿಲ್ಲ.

ಹೊಸ ನಾಟಕದ ಐವತ್ತನೇ ಕಂತಿಗೆ ಅತ್ತೆ ಒಂದು ಉಪಾಯ ಹೂಡಿದ್ದಳು. ಹಳೆಯ ಕ್ಯಾಪ್ಟನ್, ಹೊಸ ಪೈಲಟ್, ಇಬ್ಬರೂ ಒಂದೇ ಕಥೆಯಲ್ಲಿ ಎದುರಾಗಬೇಕು.

“‘ಯಾರದು’ ಅಂತ ಕ್ಯಾಪ್ಟನ್ ಕೇಳಿ ಮೂವತ್ತೈದು ವರ್ಷ ಆಯ್ತು,” ಎಂದಿದ್ದಳು ಅತ್ತೆ. “ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನೀನು ಕೊಡ್ತೀಯ. ಕಾಲದ ಸುರಂಗ ದಾಟಿ ಬಂದು ಆ ಬಾಗಿಲು ಬಡಿಯೋಳು ನೀನೇ.”

ಕಡ್ಡಿಗೆ ಅಂದು ರಾತ್ರಿ ನಿದ್ದೆ ಹತ್ತಿರಲಿಲ್ಲ. “ನಿನಗೆ ಸರಿಯಾಗಿ ಓದೋಕೆ ಬರಲಿ, ಇಬ್ಬರೂ ಸೇರಿ ಒಂದು ನಾಟಕ ಮಾಡೋಣ,” ಎಂದು ಅಜ್ಜ ಹೇಳುತ್ತಿದ್ದ. ಅವಳಿಗೆ ಓದಲು ಬರುವ ಹೊತ್ತಿಗೆ ಅಜ್ಜ ಇರಲಿಲ್ಲ.

“ಗುಬ್ಬಿ, ಈ ಬೂಟು ಇನ್ನು ಬೇಕೇನೇ?” ಎಂದು ಮೂಲೆಯಿಂದ ಅಜ್ಜಿ ಕೇಳಿದಳು.

ಅತ್ತೆ ಹುಬ್ಬು ಗಂಟಿಕ್ಕಿದಳು. “ಅಮ್ಮ, ಇಲ್ಲಿ ನಾನು ಡೈರೆಕ್ಟರ್. ಗುಬ್ಬಿ ಮನೇಲಿ.”

“ಸರಿ, ಡೈರೆಕ್ಟರ್ ಗುಬ್ಬಿ,” ಎಂದಳು ಅಜ್ಜಿ. ರೆಕಾರ್ಡಿಂಗ್ ನೋಡಿಕೊಳ್ಳುವ ಮೆಷಿನ್ ಮಾಮ ನಗು ತಡೆಯಲಾಗದೆ ಕೆಮ್ಮಿದರು.

ಅಜ್ಜಿಯ ಕೆಲಸ ಸದ್ದು ಮಾಡುವುದು. ಅವಳ ಮರದ ಪೆಟ್ಟಿಗೆಯಲ್ಲಿ ಜೋಡಿ ತಪ್ಪಿದ ಬೂಟುಗಳು, ತಗಡು, ತುಕ್ಕು ಹಿಡಿದ ಬೀಗ, ಒಂದು ಚೀಲ ಜಲ್ಲಿಕಲ್ಲು ಇದ್ದವು. ಪಕ್ಕದಲ್ಲಿ ಚೌಕಟ್ಟಿಗೆ ಕೂರಿಸಿದ, ಕಡ್ಡಿಯ ಸೊಂಟದೆತ್ತರದ ಒಂದು ಬಾಗಿಲಿತ್ತು. ಹೊಸ ಕಥೆ ಬಾಗಿಲಿನ ಹೊರಗಿನಿಂದ ಶುರುವಾಗುತ್ತದೆ. ಹಾಗಾಗಿ ಬಡಿತ ಹೊಸದಾಗಿ ಬೇಕಿತ್ತು, ಆದರೆ ಕೇಳಲು ಹಳೆಯದರಂತೆಯೇ ಇರಬೇಕಿತ್ತು. ಅದಕ್ಕೆಂದೇ ಅತ್ತೆ ಅಜ್ಜಿಯನ್ನು ಮೂವತ್ತೈದು ವರ್ಷದ ನಂತರ ಮತ್ತೆ ಇಲ್ಲಿಗೆ ಕರೆತಂದಿದ್ದಳು.

ಮೂವತ್ತೈದು ವರ್ಷ ಅಜ್ಜಿ ಇಲ್ಲಿಗೆ ಏಕೆ ಬಂದಿರಲಿಲ್ಲ ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ‘ಒಂಟಿ ನೌಕೆ’ಯ ಕೊನೆಯ ಕಂತು ಅವಳ ವಶದಲ್ಲಿತ್ತು. ಪ್ರಸಾರಕ್ಕೆ ಎರಡು ಗಂಟೆ ಇರುವಾಗ ಅದರ ಕೊನೆಯ ಒಂಬತ್ತು ನಿಮಿಷ ಅಳಿಸಿಹೋಯಿತು. “ನನ್ನ ಕೈ ತಪ್ಪಿ ಕೆಂಪು ಗುಂಡಿ ಒತ್ತಿದೆ,” ಎಂದಳು ಅಜ್ಜಿ. ಆ ಗುಂಡಿ ಒತ್ತಿದರೆ ಹಳೆಯ ಸದ್ದಿನ ಮೇಲೆ ಹೊಸದು ಮುದ್ರಣವಾಗುತ್ತಿತ್ತು. ಆ ಭಾನುವಾರ ನಾಟಕ ‘ಯಾರದು?’ ಎಂಬಲ್ಲಿಗೇ ನಿಂತಿತು. ಮರುದಿನ ಅಜ್ಜಿಯ ಕೆಲಸ ಹೋಯಿತು. ಕ್ಯಾಪ್ಟನ್ ಮತ್ತೆ ಮಾತಾಡಲಿಲ್ಲ. ಬಾಗಿಲಿನಾಚೆ ಯಾರಿದ್ದರೆಂದು ಯಾರಾದರೂ ಕೇಳಿದರೆ ಅಜ್ಜ, “ಕಥೆ ಮುಗೀದಿದ್ರೆ ಕ್ಯಾಪ್ಟನ್‌ಗೆ ಸಾವಿಲ್ಲ ಬಿಡಿ,” ಎಂದು ನಗುತ್ತಿದ್ದ.

ಆಗ ಅತ್ತೆಗೆ ನಾಲ್ಕು ವರ್ಷ; ದಿನವೂ ಅಮ್ಮನ ಜೊತೆ ಕೇಂದ್ರಕ್ಕೆ ಬರುತ್ತಿದ್ದಳು. “ಆ ಬಾಗಿಲು ತೆರೀಲೇ ಇಲ್ವಲ್ಲ, ಅದಕ್ಕೇ ನಾನು ಈ ಕೆಲಸಕ್ಕೆ ಬಂದೆ,” ಎಂದು ಅವಳು ಎಷ್ಟೋ ಸಲ ಹೇಳಿದ್ದಳು.

“ಡೈರೆಕ್ಟರ್,” ಎಂದರು ಮೆಷಿನ್ ಮಾಮ. ಈ ಸಲ ಅವರ ದನಿಯಲ್ಲಿ ನಗುವಿರಲಿಲ್ಲ. “ಸ್ವಲ್ಪ ಇಲ್ಲಿ ಬಂದು ನೋಡಿ.”

ಅವರು ಚಕ್ರವನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರು. ಕಂದು ರಿಬ್ಬನ್ನಿನ ಬೆನ್ನ ಮೇಲೆ ಬೆರಳುಗುರಿನಷ್ಟು ಬಿಳಿಯ ಪಟ್ಟಿ ಅಂಟಿಕೊಂಡಿತ್ತು.

“ಇದು ಜೋಡಣೆ. ‘ಯಾರದು’ ಮುಗಿದ ತಕ್ಷಣ ಯಾರೋ ಬ್ಲೇಡಿನಲ್ಲಿ ರಿಬ್ಬನ್ ಕತ್ತರಿಸಿದ್ದಾರೆ. ಒಂದು ತುಂಡು ತೆಗೆದು, ಮತ್ತೆ ಅಂಟಿಸಿದ್ದಾರೆ. ಪಳಗಿದ ಕೈಯೇ. ಕೂದಲೆಳೆಯಷ್ಟೂ ಸಂದಿಲ್ಲ.”

ಅತ್ತೆ ನಿಧಾನವಾಗಿ ಮೂಲೆಯ ಕಡೆ ತಿರುಗಿದಳು.

“ಅಮ್ಮ. ಕೈ ತಪ್ಪಿ ಗುಂಡಿ ಒತ್ತಬಹುದು. ಕೈ ತಪ್ಪಿ ಬ್ಲೇಡು ಹಿಡಿಯೋಕಾಗುತ್ತಾ?”

ಅಜ್ಜಿ ಬೂಟುಗಳನ್ನು ಎದೆಗವಚಿಕೊಂಡು ನಿಂತಿದ್ದಳು. “ಇಲ್ಲ,” ಎಂದಳು.

“ಹಾಗಾದ್ರೆ ಕತ್ತರಿಸಿದ್ದು ನೀನೇ.”

“ನಾನೇ.”

“ಏನಿತ್ತು ಅದರಲ್ಲಿ?”

ಅಜ್ಜಿ ಬೂಟಿನ ಧೂಳು ಒರೆಸತೊಡಗಿದಳು.

“ಅಪ್ಪನ ಮಾತಿತ್ತಾ? ಅಪ್ಪನ ಕೊನೇ ಮಾತನ್ನ ಕತ್ತರಿಸಿ ಎಸೆದೆಯಾ?”

“ನಿಮ್ಮಪ್ಪನ ಒಂದಕ್ಷರಾನೂ ನಾನು ಮುಟ್ಟಿಲ್ಲ, ಗುಬ್ಬಿ.”

“ಮತ್ತೆ ಏನಿತ್ತು ಹೇಳು.”

ಅಜ್ಜಿ ಮತ್ತೆ ಬೂಟಿನ ಧೂಳಿಗೇ ಕೈಹಾಕಿದಳು. ಅತ್ತೆ ಕೈಯಲ್ಲಿದ್ದ ಸ್ಕ್ರಿಪ್ಟನ್ನು ಮೇಜಿನ ಮೇಲೆ ಕುಕ್ಕಿದಳು. “ನಾಳೆ ರೆಕಾರ್ಡಿಂಗಿಗೆ ನೀನು ಬರೋದು ಬೇಡ. ಬಾಗಿಲ ಸದ್ದು ಕಂಪ್ಯೂಟರಿನಲ್ಲಿ ನೂರಿದೆ.”

ಅಜ್ಜಿ ಬೂಟುಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು. ಆ ಕೋಣೆಯಿಂದ ಅವಳನ್ನು ಹೊರಗೆ ಕಳಿಸಿದ್ದು ಅದು ಎರಡನೇ ಸಲ.

ಸಂಜೆ ಮನೆಯಲ್ಲಿ ಅಜ್ಜಿ ಏನೂ ಆಗದವಳಂತೆ ಕಡ್ಡಿಯ ಶಾಲೆಯ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

“ಅಜ್ಜಿ, ನಿನಗೆ ಕೋಪ ಬರಲ್ವಾ?”

“ಕಡ್ಡೀನ ಗುಡ್ಡ ಮಾಡಬೇಡ. ದಾರ ಕೊಡು.”

ಇದ್ದ ದಾರ ಮುಗಿದಿತ್ತು. ಇನ್ನೊಂದು ರೀಲು ಸದ್ದಿನ ಪೆಟ್ಟಿಗೆಯಲ್ಲಿ ಇರಬಹುದೆಂದು ಕಡ್ಡಿ ಮುಚ್ಚಳ ತೆರೆದಳು. ಜಲ್ಲಿಕಲ್ಲಿನ ಚೀಲದ ಅಡಿಯಲ್ಲಿ ದಾರದ ಹಳೆಯ ರೀಲೊಂದು ಸಿಕ್ಕಿತು. ಅದರ ಮೇಲೆ ದಾರವಿರಲಿಲ್ಲ. ಒಂದು ಮೊಳದಷ್ಟು ಉದ್ದದ ಕಂದು ರಿಬ್ಬನ್ನು ಸುತ್ತಿತ್ತು. ತುದಿಯಲ್ಲಿ ಬಿಳಿ ಪೆನ್ಸಿಲಿನಿಂದ ಬರೆದ ಒಂದು ಬಾಣದ ಗುರುತಿತ್ತು.

ಅವಳು ಅದನ್ನು ಎತ್ತಿ ಹಿಡಿದಳು. “ಅಜ್ಜಿ, ಇದೇ ಅಲ್ವಾ ಅದು?”

ಅಜ್ಜಿಯ ಸೂಜಿ ಅರ್ಧದಲ್ಲೇ ನಿಂತಿತು. “ಅಲ್ಲೇ ಇಡು.”

“ಇದನ್ನ ಕೇಳಿಸಿದ್ರೆ ಅತ್ತೆಗೆ ನಿಜ ಗೊತ್ತಾಗುತ್ತಲ್ಲ.”

“ಗೊತ್ತಾಗುತ್ತೆ. ಅದಕ್ಕೇ ಅಲ್ಲೇ ಇಡು ಅಂದದ್ದು.”

“ಅಷ್ಟು ಬೇಡದ್ದಾದ್ರೆ ಅವತ್ತೇ ಎಸೀಬಹುದಿತ್ತಲ್ಲ?”

ಅಜ್ಜಿ ಅಂಗಿಯ ಗುಂಡಿಯನ್ನು ಬೆರಳಿನಿಂದ ಸವರಿದಳು. “ಎಸೆಯೋಕೆ ಮನಸ್ಸು ಬರಲಿಲ್ಲ ಕಣೇ,” ಎಂದಳು. ಅವಳ ಮುಖದಲ್ಲಿ ಅಪರಾಧಿಯ ಕಳೆಯೇ ಇರಲಿಲ್ಲ. ಹಳೆಯ ಫೋಟೋ ನೋಡುವಾಗ ಆಗುವಂತೆ ಅವಳ ಕಣ್ಣು ಮೆತ್ತಗಾಗಿತ್ತು.

ಕಡ್ಡಿ ಅದನ್ನು ಅಲ್ಲೇ ಇಟ್ಟಳು. ಆದರೆ ಬೆಳಿಗ್ಗೆ ಶಾಲೆಗೆ ಹೊರಡುವಾಗ ಅದು ಅವಳ ಕಂಪಾಸ್ ಬಾಕ್ಸಿನಲ್ಲಿತ್ತು.

ಗಣಿತದ ಪೀರಿಯಡ್ಡಿನಲ್ಲಿ ಪಕ್ಕದ ಹುಡುಗ ಮೆಲ್ಲಗೆ ಕೇಳಿದ, “ಬಾಗಿಲ ಹಿಂದೆ ಯಾರೇ? ಏಲಿಯನ್ ತಾನೇ?”

“ಸೀಕ್ರೆಟ್.”

“ನಿಮ್ಮಜ್ಜಿ ಬಟನ್ ಒತ್ತಿ ಎಲ್ಲಾ ಹಾಳ್ಮಾಡಿದ್ರಂತೆ. ನಮ್ಮ ತಾತ ಇನ್ನೂ ಬೈತಾರೆ. ಆವತ್ತು ಊಟಾನೂ ಬಿಟ್ಟಿದ್ರಂತೆ.”

ಕಡ್ಡಿ ಕಂಪಾಸ್ ಬಾಕ್ಸಿನ ಮೇಲೆ ಕೈಯಿಟ್ಟಳು. ಇವತ್ತು ಸಂಜೆಯವರೆಗೆ ಬೈಯಲಿ, ಎಂದುಕೊಂಡಳು. ಅಜ್ಜಿಯ ತಪ್ಪಲ್ಲ ಎನ್ನುವುದಕ್ಕೆ ಸಾಕ್ಷಿ ಈ ಡಬ್ಬಿಯಲ್ಲಿ ಇರಲೇಬೇಕು.

ಅವಳು ಕೇಂದ್ರಕ್ಕೆ ಬಂದಾಗ ಅತ್ತೆ ಗಾಜಿನ ಗೋಡೆಯಾಚೆ ಕಂಪ್ಯೂಟರಿನ ಮುಂದಿದ್ದಳು. ಸ್ಪೀಕರಿನಿಂದ ಒಂದಾದ ಮೇಲೊಂದು ಬಡಿತ ಕೇಳಿಸುತ್ತಿತ್ತು.

“ಇದು ಯಾರೋ ಹಾಲಿನವರು,” ಎಂದು ಅತ್ತೆ ತನ್ನಷ್ಟಕ್ಕೆ ಗೊಣಗಿ ಮುಂದಿನದನ್ನು ಒತ್ತಿದಳು. “ಇದು ಪೊಲೀಸು.” ಮತ್ತೊಂದು. “ಇದಂತೂ ಮರಕುಟಿಗ.”

ಇತ್ತ ಕೋಣೆಯಲ್ಲಿ ಮೆಷಿನ್ ಮಾಮ ಒಬ್ಬರೇ ಇದ್ದರು. ಕಡ್ಡಿ ಕಂಪಾಸ್ ಬಾಕ್ಸು ತೆರೆದು ಅವರ ಮುಂದಿಟ್ಟಳು. ಅವರು ರಿಬ್ಬನ್ನಿನ ತುದಿಯನ್ನು ದೀಪಕ್ಕೆ ಹಿಡಿದು ನೋಡಿದರು. ಆಮೇಲೆ ಅವಳನ್ನು ನೋಡಿದರು.

“ಅದೇ ಓರೆ ಬ್ಲೇಡಿನ ಗುರುತು. ಎಲ್ಲಿ ಸಿಕ್ತು?”

“ಕೇಳಬೇಡಿ ಮಾಮ. ಏನಿದೆ ಅಂತ ಕೇಳಿಸಿ, ಸಾಕು.”

ಮಾಮ ಎರಡೂ ತುದಿಗೆ ಖಾಲಿ ರಿಬ್ಬನ್ನು ಅಂಟಿಸಿ ಮೆಷಿನ್ನಿಗೆ ಏರಿಸಿದರು. “ತುಂಬಾ ಹಳೇದು. ಒಂದೇ ಸಲ ಓಡಿಸ್ತೀನಿ. ಇನ್ನೊಂದು ಸಲಕ್ಕೆ ಪುಡಿಯಾದ್ರೂ ಆಯ್ತು.” ಹೆಡ್‌ಫೋನ್ ತೆಗೆದು ಅವಳ ಕಿವಿಗಿಟ್ಟರು. “ಇದು ನಿಮ್ಮನೆ ಸದ್ದು. ನೀನೇ ಕೇಳು.”

ಚಕ್ರ ತಿರುಗಿತು. ಎರಡು ಸೆಕೆಂಡ್, ಹೆಚ್ಚೆಂದರೆ ಮೂರು.

ಮೊದಲು ಕಡ್ಡಿಗೆ ನಗು ಬಂತು. ತುಟಿಯ ತನಕ ಬಂದ ಆ ನಗು ಅಲ್ಲಿಯೇ ನಿಂತುಬಿಟ್ಟಿತು.

ಆ ಮನೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಿದ್ದ ಒಂದು ಪಾಠವಿತ್ತು: ಕೆಂಪು ಗುಂಡಿ ಒತ್ತಿ ಮಾತಾಡಬೇಕು, ಇಲ್ಲದಿದ್ದರೆ ಆ ಕಡೆಯವರಿಗೆ ಕೇಳಿಸುವುದಿಲ್ಲ. ಮೂರು ವರ್ಷದವಳಿದ್ದಾಗ ಕಡ್ಡಿಯೂ ಟಿವಿ ರಿಮೋಟಿನ ಕೆಂಪು ಗುಂಡಿ ಒತ್ತಿಯೇ ಅಜ್ಜನನ್ನು ಊಟಕ್ಕೆ ಕರೆಯುತ್ತಿದ್ದಳಂತೆ. ಮನೆಯವರು ಈಗಲೂ ಅದನ್ನು ಹೇಳಿ ನಗುತ್ತಿದ್ದರು. ಆದರೆ ಅಜ್ಜಿ ಮಾತ್ರ ಆ ಮಾತಿಗೆ ಎಂದೂ ನಕ್ಕಿರಲಿಲ್ಲ. ಅದು ಏಕೆಂದು ಕಡ್ಡಿಗೆ ಈಗ ತಿಳಿಯಿತು.

“ಕಡ್ಡಿ, ಏನು ಕೇಳ್ತಿದ್ದೀಯ ಅಲ್ಲಿ?” ಗಾಜಿನಾಚೆಯಿಂದ ಅತ್ತೆಯ ದನಿ ಸ್ಪೀಕರಿನಲ್ಲಿ ಬಂತು.

ಮೆಷಿನ್ ಮಾಮ ಕಡ್ಡಿಯ ಮುಖ ನೋಡಿದರು. ಕಡ್ಡಿ ಗಾಜಿನಾಚೆ ನೋಡಿದಳು. ಅತ್ತೆ ಎಂದಿನಂತೆ ಪೆನ್ಸಿಲಿನ ತುದಿ ಕಚ್ಚುತ್ತಿದ್ದಳು. ಅವಳ ಹಿಂದಿನ ಗೋಡೆಯ ಮೇಲೆ ಕ್ಯಾಪ್ಟನ್ ಟೋಪಿ ಹಾಕಿಕೊಂಡ ಅಜ್ಜನ ಫೋಟೋ ಇತ್ತು.

ನಿಜ ಹೇಳಲು ಇದೇ ಹೊತ್ತು. ಅದಕ್ಕೆಂದೇ ಅವಳು ಕದ್ದು ತಂದದ್ದು. ಬಾಯಿ ತೆರೆದರೆ ಅಜ್ಜಿ ಗೆಲ್ಲುತ್ತಿದ್ದಳು. ಪಕ್ಕದ ಬೆಂಚಿನವನ ತಾತನೂ ಬೈಯುವುದನ್ನು ಬಿಡುತ್ತಿದ್ದರು.

“ಏನಿಲ್ಲ ಅತ್ತೆ,” ಎಂದಳು ಕಡ್ಡಿ. “ಹಳೇ ಮೌನ.”

ಆಮೇಲೆ ಹೆಡ್‌ಫೋನ್ ತೆಗೆದಿಟ್ಟು, ಮೈಕಿನ ಗುಂಡಿ ಒತ್ತಿ, ಕಡ್ಡಿ ಮುರಿದ ಹಾಗೆ ಹೇಳಿದಳು: “ಬಾಗಿಲು ಅಜ್ಜೀನೇ ಬಡೀಬೇಕು. ಇಲ್ಲಾಂದ್ರೆ ನಾನು ಮಾತಾಡಲ್ಲ.”

“ಏನೇ ಇದು, ಸ್ಟ್ರೈಕಾ?”

“ಹೂಂ.”

“ಅಜ್ಜಿ ಏನು ಮಾಡಿದ್ದಾಳೆ ಅಂತ ಗೊತ್ತಾ ನಿನಗೆ?”

“ಗೊತ್ತು ಅತ್ತೆ.”

ಆ ಮಾತನ್ನು ಅವಳು ಹೇಳಿದ ರೀತಿಗೆ ಅತ್ತೆ ಅವಳನ್ನೇ ನೋಡಿದಳು. ಕಂಪ್ಯೂಟರಿನಲ್ಲಿ ಇನ್ನೊಂದು ಬಡಿತ ಒತ್ತಿದಳು. ಅದೂ ಪೊಲೀಸೇ. ಅವಳು ಕಣ್ಣು ಮುಚ್ಚಿ ಹಣೆ ಒತ್ತಿಕೊಂಡಳು. ಆಮೇಲೆ ಸ್ಪೀಕರಿನಲ್ಲಿ ಅವಳ ದನಿ ಬಂತು. “ಹೋಗು, ಕರ್ಕೊಂಡು ಬಾ. ಬೂಟೂ ತರೋಕೆ ಹೇಳು.”

ಮನೆ ಎರಡೇ ಬೀದಿ ಆಚೆ. ಬರುವ ದಾರಿಯಲ್ಲಿ ಕಡ್ಡಿ ಪೆಟ್ಟಿಗೆಯ ಒಂದು ಹಿಡಿ ಹಿಡಿದಿದ್ದಳು, ಅಜ್ಜಿ ಇನ್ನೊಂದು. ಕೇಂದ್ರದ ಮೆಟ್ಟಿಲ ಹತ್ತಿರ ಕಡ್ಡಿ ನಿಂತು, ರಿಬ್ಬನ್ನು ಸುತ್ತಿದ ರೀಲನ್ನು ಅಜ್ಜಿಯ ಅಂಗೈಯಲ್ಲಿಟ್ಟಳು.

ಅಜ್ಜಿ ಅದನ್ನು ನೋಡಿದಳು. ಬೈಯಲಿಲ್ಲ.

“ಕೇಳಿದೆಯಾ?”

“ಹೂಂ.”

“ಬೇರೆ ಯಾರು ಕೇಳಿದ್ರು?”

“ಯಾರೂ ಇಲ್ಲ.”

“ಯಾರಿಗೆ ಹೇಳಿದೆ?”

“ಯಾರಿಗೂ ಇಲ್ಲ ಅಜ್ಜಿ.”

ಅಜ್ಜಿಯ ಬೆರಳುಗಳು ರೀಲಿನ ಮೇಲೆ ಮೆಲ್ಲಗೆ ಮಡಚಿಕೊಂಡವು. ಇನ್ನೊಂದು ಕೈ ಕಡ್ಡಿಯ ತಲೆಯ ಮೇಲೆ ಕ್ಷಣಕಾಲ ನಿಂತು, ಮತ್ತೆ ಪೆಟ್ಟಿಗೆಯ ಹಿಡಿಗೆ ಹೋಯಿತು. “ಭಾರ ಆಗುತ್ತೇನೇ?” ಎಂದಳು.

“ಇಲ್ಲ,” ಎಂದಳು ಕಡ್ಡಿ. ಪೆಟ್ಟಿಗೆಯ ಮಾತು ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಕೋಣೆಯ ಬಾಗಿಲು ಮುಚ್ಚಿತು. ಅತ್ತೆ ಗಾಜಿನಾಚೆ ಕುಳಿತಳು. ಅಜ್ಜಿಯನ್ನು ನೋಡಿ, “ಅಮ್ಮ, ಶುರು ಮಾಡೋಣವಾ?” ಎಂದಳು. ಅಜ್ಜಿ ತಲೆಯಾಡಿಸಿದಳು. ಕೆಂಪು ದೀಪ ಹತ್ತಿತು.

ಅಜ್ಜಿ ಆ ಪುಟ್ಟ ಬಾಗಿಲ ಮುಂದೆ ಮಂಡಿಯೂರಿ, ಬೆರಳ ಗೆಣ್ಣನ್ನು ಮರಕ್ಕೆ ತಾಗಿಸಿದಳು.

ಟಕ್. ಟಕ್. ಟಕ್.

ಹಾಲಿನವರಲ್ಲ, ಪೊಲೀಸರಲ್ಲ. ಇದು ಬಹಳ ದೂರದಿಂದ ಒಬ್ಬರೇ ಬಂದವರ ಬಡಿತ. ಮೆಷಿನ್ ಮಾಮ ಹಳೆಯ ಚಕ್ರವನ್ನು ಬಿಟ್ಟರು. ಕುರ್ಚಿ ಸರಿಯಿತು. ನಾಲ್ಕು ಹೆಜ್ಜೆ. ಆಮೇಲೆ ಬಾಗಿಲಿನ ಒಳಗಿನಿಂದ ಅಜ್ಜ ಕೇಳಿದ:

“ಯಾರದು?”

ಪೈಲಟ್ ಮಿಂಚು ಇಲ್ಲಿ ಒಂದು ಉಸಿರಿನಷ್ಟು ತಡೆದು ಉತ್ತರ ಕೊಡಬೇಕೆಂದು ಸ್ಕ್ರಿಪ್ಟಿನಲ್ಲಿ ಬರೆದಿತ್ತು. ಕಡ್ಡಿ ತಡೆದಳು. ಗಾಜಿನಾಚೆ ಅತ್ತೆ ಮುಂದಕ್ಕೆ ಬಾಗಿದ್ದಳು. ಪೆನ್ಸಿಲು ಕೈಯಿಂದ ಜಾರಿತ್ತು. ತುಟಿಗಳು ತುಸುವೇ ತೆರೆದಿದ್ದವು. ತಾನೇ ಉತ್ತರ ಹೇಳಿಬಿಡುವವಳಂತೆ ಅವಳು ಅಪ್ಪನ ದನಿ ಬಂದ ಕಡೆಗೇ ನೋಡುತ್ತಿದ್ದಳು.

ಆ ಒಂದು ಉಸಿರಿನಲ್ಲಿ ಕಡ್ಡಿಗೆ ರಿಬ್ಬನ್ನಿನ ತುಂಡು ಮತ್ತೆ ಕೇಳಿಸಿತು. ಟಪ್ ಎಂದು ಒಂದು ಗುಂಡಿ ಒತ್ತಿದ ಸದ್ದು. ಅದರ ಹಿಂದೆಯೇ, ಆ ಕಡೆಯವರಿಗೆ ಸರಿಯಾಗಿ ಕೇಳಿಸಲೆಂದು ಬಿಡಿಸಿ ಬಿಡಿಸಿ ಆಡಿದ, ಇನ್ನೂ ಹಾಲುಹಲ್ಲಿನ ಒಂದು ಪುಟ್ಟ ದನಿ:

“ನಾನು, ಅಪ್ಪಾ. ಗುಬ್ಬಿ.”